ವಸಡಿನ ಸರ್ಜರಿ ಆದ ಮೇಲೆ: ಊಟ, ನಿದ್ದೆ, ಮಾತು ಕೆಡದ ಹಾಗೆ ಮೊದಲ ಎರಡು ವಾರ ದಾಟುವುದು ಹೇಗೆ

ನನ್ನ ವಸಡಿಗೆ ಮೂರು ಸಲ ಸರ್ಜರಿ ಆಗಿದೆ. ವಸಡನ್ನು ಬಿಡಿಸಿ ಒಳಗೆ ಸ್ವಚ್ಛ ಮಾಡಿ ಮತ್ತೆ ಹೊಲಿಯುವ ಈ ಫ್ಲ್ಯಾಪ್ ಸರ್ಜರಿಯನ್ನು ಬಾಯಿಯ ನಾಲ್ಕೂ ಭಾಗಕ್ಕೆ ಸಾಮಾನ್ಯವಾಗಿ ಒಂದೇ ದಿನ ಮಾಡುವುದಿಲ್ಲ. ಒಂದೊಂದು ಭಾಗಕ್ಕೆ ಒಂದೊಂದು ದಿನ. ಮೊದಲ ಸಲ ನಾನು ಎಡವಟ್ಟು ಮಾಡಿಕೊಂಡೆ, ಎರಡನೇ ಸಲ ಸುಧಾರಿಸಿದೆ, ಮೂರನೇ ಸಲ ಆರಾಮಾಗಿ ದಾಟಿದೆ. ಡಾಕ್ಟರ್ ಅದೇ, ಕುರ್ಚಿ ಅದೇ. ಬದಲಾದದ್ದು ಮನೆಯಲ್ಲಿ ನಾನು ಮಾಡಿದ ಕೆಲಸಗಳ ಕ್ರಮ ಮಾತ್ರ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಪರಿಚಯದ ಕನ್ನಡದವರು ಈ ಸರ್ಜರಿ ಮಾಡಿಸಿಕೊಂಡು ನನಗೆ ಫೋನ್ ಮಾಡುತ್ತಾರೆ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಮೂರನೇ ದಿನದಿಂದ ಐದನೇ ದಿನದ ನಡುವೆ. ಅಷ್ಟು ಹೊತ್ತಿಗೆ ನೋವು ಇಳಿದಿರುತ್ತದೆ, ಗಂಜಿ ಸಾಕಾಗಿರುತ್ತದೆ, ಹೊಲಿಗೆ ಮಾತ್ರ ಇನ್ನೂ ಹಸಿ. ಅದಕ್ಕೇ ಇದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರ್ ಹೇಳಿದ್ದು ಇದಕ್ಕಿಂತ ಬೇರೆ ಇದ್ದರೆ ಅವರ ಮಾತನ್ನೇ ಕೇಳಿ. ನಿಮ್ಮ ಬಾಯೊಳಗೆ ನೋಡಿದವರು ಅವರು, ನಾನಲ್ಲ.

## ಹಂತ 1: ಒಂದು ವಾರ ಮುಂಚೆ ಬಾಯಿಬಿಟ್ಟು ಕೇಳಿ

ಡಾಕ್ಟರ್ ಹತ್ತಿರ ಕೇಳಬೇಕಾದದ್ದು ಇಷ್ಟು. ಯಾವ ಭಾಗ? ವಸಡನ್ನು ಬಿಡಿಸಿ ಒಳಗೆ ಸ್ವಚ್ಛ ಮಾಡಿ ಹೊಲಿಯುವುದು ಮಾತ್ರವಾ, ಅಥವಾ ಅಂಗುಳದಿಂದ ಚರ್ಮ ತೆಗೆದು ಕಸಿ ಮಾಡುವುದೂ ಇದೆಯಾ? ಕಸಿ ಇದ್ದರೆ ಬಾಯಲ್ಲಿ ಗಾಯ ಎರಡು ಎಂದು ಲೆಕ್ಕ. ಎಷ್ಟೋ ಜನರಿಗೆ ಹೊಲಿಗೆ ಹಾಕಿದ ಜಾಗಕ್ಕಿಂತ ಅಂಗುಳದ ಗಾಯವೇ ಜಾಸ್ತಿ ಕಾಡುತ್ತದೆ. ಹೊಲಿಗೆ ತಾನಾಗಿ ಕರಗುವುದಾ, ತೆಗೆಸಬೇಕಾ? ಮೇಲೆ ಪ್ಯಾಕ್, ಅಂದರೆ ಗಾಯ ಮುಚ್ಚುವ ಲೇಪ, ಹಾಕುತ್ತೀರಾ? ಭಾನುವಾರ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಈ ಕೊನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು.

ನೀವು ಹೇಳಬೇಕಾದದ್ದು: ಶುಗರ್, ಬಿಪಿ, ಹೃದಯದ ತೊಂದರೆ, ಅಸ್ತಮಾ, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಗರ್ಭಿಣಿಯಾಗಿದ್ದರೆ ಅದು, ಯಾವುದಾದರೂ ಮಾತ್ರೆ ಮೈಗೆ ಆಗದಿದ್ದರೆ ಅದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಖಂಡಿತ ಹೇಳಿ, ಆದರೆ ನೀವೇ ನಿಲ್ಲಿಸಬೇಡಿ. "ರಕ್ತ ಜಾಸ್ತಿ ಬರುತ್ತೆ ಅಂತ ನಾಲ್ಕು ದಿನ ಮುಂಚೆಯೇ ಬಿಟ್ಟೆ" ಎಂದು ಹೆಮ್ಮೆಯಿಂದ ಹೇಳಿದವರನ್ನು ನೋಡಿದ್ದೇನೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೀಗೆ ಮಾಡಿದರೆ ವಸಡಿಗಿಂತ ದೊಡ್ಡ ಅಪಾಯ ಬರುತ್ತದೆ. ನಿಲ್ಲಿಸಬೇಕೋ ಬೇಡವೋ ಎಂದು ಇಬ್ಬರು ಡಾಕ್ಟರೂ ಮಾತಾಡಿಕೊಂಡು ಹೇಳಲಿ.

ಊರಿನಿಂದ ಬಂದ ಅಮ್ಮನನ್ನೋ ಅತ್ತೆಯನ್ನೋ ಕರೆದೊಯ್ಯುವವರಿಗೆ ಒಂದು ಮಾತು. ಇಲ್ಲಿನ ಕ್ಲಿನಿಕ್ಕಿನಲ್ಲಿ ಮರಾಠಿ ಕಿವಿಗೆ ಬೀಳುತ್ತದೆ. ಹಿರಡಿ ಎಂದರೆ ವಸಡು, ಸೂಜ್ ಎಂದರೆ ಊತ, ಪೂ ಎಂದರೆ ಕೀವು, ಟಾಕೆ ಎಂದರೆ ಹೊಲಿಗೆ. ಈ ನಾಲ್ಕು ಪದ ಹೇಳಿಕೊಟ್ಟರೆ ನೀವು ಆಫೀಸಿನಲ್ಲಿದ್ದಾಗಲೂ ಅವರು ಫೋನಿನಲ್ಲಿ ತಮ್ಮ ತೊಂದರೆ ಹೇಳಬಲ್ಲರು.

ಖರ್ಚಿನ ಚಿಂತೆ ಇರುವವರಿಗೆ ಮುಂಬೈ ಸೆಂಟ್ರಲ್ ಹತ್ತಿರ ನಾಯರ್ ಆಸ್ಪತ್ರೆಯ ಡೆಂಟಲ್ ಕಾಲೇಜು ಇದೆ. ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಎರಡೂ ಕಡೆ ವಸಡಿಗೇ ಬೇರೆ ವಿಭಾಗವಿದೆ. ಕ್ಯೂ ಇರುತ್ತದೆ, ಬೆಳಗ್ಗೆ ಬೇಗ ಹೋಗಿ.

ಇನ್ನು ದಿನ ಯಾವುದು? ನನ್ನ ಓಟು ಗುರುವಾರ ಬೆಳಗ್ಗೆಗೆ. ಸರ್ಜರಿ ಆಗಿ ಎರಡು ಮೂರು ದಿನ ಕಳೆದಾಗ ಊತ ಜಾಸ್ತಿ. ಅದು ಶನಿವಾರ, ಭಾನುವಾರ ಬೀಳುತ್ತದೆ. ಬೆಳಗ್ಗೆ ಮಾಡಿಸಿದರೆ ರಕ್ತ ಬಂದರೂ ಕ್ಲಿನಿಕ್ ತೆರೆದಿರುವಾಗಲೇ ಬರುತ್ತದೆ. ಮೊದಲ ಸಲ ನಾನು ಸೋಮವಾರ ಸಂಜೆ ಮಾಡಿಸಿದ್ದೆ. ಬುಧವಾರ ಮೀಟಿಂಗಿನಲ್ಲಿ ಒಂದು ಕೆನ್ನೆ ಬನ್ನಿನ ಹಾಗೆ ಉಬ್ಬಿಸಿಕೊಂಡು ಕೂತಿದ್ದೆ.

## ಹಂತ 2: ಸಾಮಾನು ಮೊದಲೇ ತಂದಿಡಿ

ಸರ್ಜರಿ ಮುಗಿಸಿ ಬರುವಾಗ ಮೆಡಿಕಲ್ ಅಂಗಡಿಯಲ್ಲಿ ನಿಂತು ಚೀಟಿ ತೋರಿಸುವ ತಾಳ್ಮೆ ಇರುವುದಿಲ್ಲ. ಮಾತ್ರೆ ಚೀಟಿಯನ್ನು ಹಿಂದಿನ ದಿನವೇ ಬರೆಸಿಕೊಳ್ಳಿ. ಇವಿಷ್ಟು ಮನೆಯಲ್ಲಿರಲಿ:

- ಬರೆದುಕೊಟ್ಟ ಮಾತ್ರೆಗಳು, ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್
- ಸ್ಟೆರೈಲ್ ಗಾಜ್ ಬಟ್ಟೆಯ ಒಂದು ಪ್ಯಾಕೆಟ್
- ಎರಡು ಟ್ರೇ ಐಸ್, ಸುತ್ತಲು ತೆಳು ಟವೆಲ್
- ತುಂಬಾ ಮೆದು ಎಳೆಯ ಹೊಸ ಬ್ರಷ್
- ಇನ್ನೊಂದು ದಿಂಬು
- ಒಂದು ನೋಟ್‌ಬುಕ್ಕು, ಪೆನ್ನು

ಸ್ಟ್ರಾ ಬೇಡ. "ಜ್ಯೂಸ್ ಕುಡಿಯಲು ಸುಲಭ" ಎಂದು ಎಲ್ಲರೂ ತರುತ್ತಾರೆ. ಹೀರುವಾಗ ಬಾಯೊಳಗೆ ಎಳೆತ ಬೀಳುತ್ತದೆ, ಹೆಪ್ಪುಗಟ್ಟಿದ ರಕ್ತ ಕದಲುತ್ತದೆ. ಲೋಟವೇ ಸಾಕು.

## ಹಂತ 3: ಸರ್ಜರಿಯ ದಿನ

ಡಾಕ್ಟರ್ ಬೇಡ ಅನ್ನದಿದ್ದರೆ ಹೊಟ್ಟೆ ತುಂಬ ತಿಂಡಿ ತಿಂದು ಹೋಗಿ. ಮುಂದಿನ ಸರಿಯಾದ ಊಟಕ್ಕೆ ಹೊತ್ತಾಗುತ್ತದೆ. ಬರುವಾಗ ಜೊತೆಗೆ ಒಬ್ಬರು ಇರಲಿ. ಮಧ್ಯಾಹ್ನದ ಖಾಲಿ ಲೋಕಲ್ ರೈಲು ಆದರೆ ಸರಿ, ಸಂಜೆಯ ಡೊಂಬಿವಲಿ ಫಾಸ್ಟ್ ಮಾತ್ರ ಖಂಡಿತ ಬೇಡ. ಅಲ್ಲಿ ಮೊಣಕೈ ಯಾರದ್ದು, ಕೆನ್ನೆ ಯಾರದ್ದು ಎಂದು ಗೊತ್ತಾಗುವುದಿಲ್ಲ.

ಮನೆಗೆ ಬಂದ ಮೇಲಿನ ಕ್ರಮ ಹೀಗೆ.

ಮೊದಲು ಮಾತ್ರೆ. ಇಂಜೆಕ್ಷನ್ನಿನ ಜೋಮು ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಅದು ಪೂರ್ತಿ ಇಳಿಯುವ ಮುಂಚೆಯೇ ನೋವಿನ ಮಾತ್ರೆ ಹೊಟ್ಟೆಗೆ ಹೋಗಿರಬೇಕು. "ನೋವು ಬರಲಿ, ಆಮೇಲೆ ನೋಡೋಣ" ಎಂದು ಕಾದರೆ ನೋವು ಮುಂದೆ ಓಡುತ್ತದೆ, ಮಾತ್ರೆ ಹಿಂದೆ. ಐಬುಪ್ರೊಫೆನ್ ಬರೆದಿದ್ದರೆ ಖಾಲಿ ಹೊಟ್ಟೆಗೆ ಬೇಡ, ಸ್ವಲ್ಪ ತಣ್ಣನೆಯ ಹಾಲು ಅಥವಾ ಮಜ್ಜಿಗೆ ಕುಡಿದು ತೆಗೆದುಕೊಳ್ಳಿ. ಜೋಮು ಇರುವಾಗ ಅಗಿಯುವುದು ಏನೂ ಬೇಡ. ತುಟಿಯನ್ನೇ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ನೋವಿಗೆಂದು ಮನೆಯಲ್ಲಿ ಬಿದ್ದಿರುವ ಆಸ್ಪಿರಿನ್ ನುಂಗಬೇಡಿ, ಅದು ರಕ್ತ ಜಾಸ್ತಿ ಮಾಡುತ್ತದೆ.

ಆಮೇಲೆ ಐಸ್. ಟವೆಲಿನಲ್ಲಿ ಸುತ್ತಿ ಕೆನ್ನೆಯ ಮೇಲೆ 15 ನಿಮಿಷ, ಬಿಡುವು 15 ನಿಮಿಷ. ಮಲಗುವವರೆಗೂ ಹೀಗೇ. ಕೆನ್ನೆ ಜೋಮಾಗಿರುವಾಗ ಐಸನ್ನು ನೇರವಾಗಿ ಚರ್ಮಕ್ಕೆ ಇಡಬೇಡಿ, ಸುಟ್ಟ ಹಾಗಾಗುತ್ತದೆ.

ಉಗುಳಬೇಡಿ, ಮುಕ್ಕಳಿಸಬೇಡಿ. ಪೂರ್ತಿ 24 ಗಂಟೆ. ಎಂಜಲು ತಿಳಿಗೆಂಪು ಬಣ್ಣಕ್ಕೆ ಬರುವುದು ಸಹಜ. ಒಂದು ಹನಿ ರಕ್ತ ಬಾಯಿ ತುಂಬ ಎಂಜಲಿಗೆ ಬಣ್ಣ ಕೊಡುತ್ತದೆ, ನೋಡಿ ಹೆದರಬೇಡಿ. ಬಿಡದೆ ರಕ್ತ ಒಸರುತ್ತಿದ್ದರೆ ಒದ್ದೆ ಮಾಡಿದ ಗಾಜ್ ಬಟ್ಟೆಯನ್ನು ಮಡಿಸಿ ಆ ಜಾಗದ ಮೇಲೆ ಒತ್ತಿ ಹಿಡಿಯಿರಿ. 20 ನಿಮಿಷ, ಗಡಿಯಾರ ನೋಡಿಕೊಂಡು. ಎರಡೆರಡು ನಿಮಿಷಕ್ಕೆ ತೆಗೆದು "ನಿಂತಿತಾ" ಎಂದು ನೋಡುವವರಿಗೆ ಅದು ನಿಲ್ಲುವುದೇ ಇಲ್ಲ.

ರಾತ್ರಿ ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ. ಸರ್ಜರಿ ಆದ ಬದಿಗೆ ಹೊರಳಬೇಡಿ.

## ಹಂತ 4: ಎರಡನೇ, ಮೂರನೇ ದಿನ

ಬೆಳಗ್ಗೆ ಎದ್ದರೆ ಮುಖ ನಿನ್ನೆಗಿಂತ ಊದಿರುತ್ತದೆ. ಇಲ್ಲಿ ಬಹಳ ಜನ ಗಾಬರಿಯಾಗುತ್ತಾರೆ. ಊತ 48ರಿಂದ 72 ಗಂಟೆವರೆಗೆ ಏರಿ ಆಮೇಲೆ ಇಳಿಯುತ್ತದೆ. ಅದರ ದಾರಿಯೇ ಹಾಗೆ. ಕೆಲವರಿಗೆ ಕೆನ್ನೆ ನೀಲಿಗಟ್ಟಿ ಹಳದಿಗೆ ತಿರುಗುತ್ತದೆ, ಅದೂ ತಾನಾಗಿ ಹೋಗುತ್ತದೆ. ಎರಡು ದಿನ ಕಳೆದ ಮೇಲೆ ಐಸ್ ನಿಲ್ಲಿಸಿ, ಉಗುರುಬೆಚ್ಚಗಿನ ಬಟ್ಟೆಯ ಶಾಖ ಕೊಡಬಹುದು.

24 ಗಂಟೆ ಮುಗಿದ ಮೇಲೆ ಉಪ್ಪುನೀರು. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಲ್ಲಿ ತುಂಬಿಕೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಆಮೇಲೆ ಬಗ್ಗಿ ಬಾಯಿ ತೆರೆದು ನೀರು ತಾನಾಗಿ ಬೀಳಲು ಬಿಡಿ. ಗಳಗಳ ಮುಕ್ಕಳಿಸಿ ರಭಸದಿಂದ ಉಗುಳುವುದು ಬೇಡ.

ತುಟಿ ಎತ್ತಿ ಕನ್ನಡಿಯಲ್ಲಿ ನೋಡಬೇಡಿ. ಬೇರೆಯವರಿಗೆ ತೋರಿಸಲೂ ಬೇಡಿ. ತುಟಿ ಎಳೆದಾಗ ಹೊಲಿಗೆಯೂ ಎಳೆಯುತ್ತದೆ. ಕಸಿ ಮಾಡಿದ್ದರೆ ಅದು ಜಾಗ ಬಿಡಬಹುದು. ನಮ್ಮವರು ನೋಡಲು ಬಂದವರೆಲ್ಲ "ಎಲ್ಲಿ, ತೋರಿಸು" ಅನ್ನುತ್ತಾರೆ ಅಲ್ವಾ? ಚಹಾ ಕೊಟ್ಟು ಕಳಿಸಿ.

## ಹಂತ 5: ಊಟ, ಎಲ್ಲರೂ ಸೋಲುವ ಜಾಗ

ಮೊದಲ ಎರಡು ದಿನ ತಣ್ಣಗಿನ, ಅಗಿಯಬೇಕಿಲ್ಲದ ಊಟ. ಆರಿದ ರಾಗಿ ಅಂಬಲಿ, ಮಜ್ಜಿಗೆ, ಬೀಜ ಸೋಸಿದ ಹಣ್ಣಿನ ರಸ, ತಣ್ಣನೆಯ ಹಾಲು. ನಾವು ಕುಂದಾಪುರದ ಕಡೆಯವರು, ನಮಗೆ ಕುಚ್ಚಲಕ್ಕಿ ಗಂಜಿ ಇದ್ದರೆ ಆಯಿತು. ಆದರೆ ಕುಚ್ಚಲಕ್ಕಿ ಎಷ್ಟು ಬೆಂದರೂ ಅಗುಳು ಗಟ್ಟಿ. ಇನ್ನೆರಡು ವಿಸಲ್ ಕೂಗಿಸಿ, ಕಡೆಗೋಲಿನಲ್ಲಿ ಕಡೆದು, ಆರಿಸಿ. ಜೊತೆಗೆ ಮಿಡಿ ಉಪ್ಪಿನಕಾಯಿ ಇಲ್ಲ. ಹೌದು, ಗೊತ್ತು.

ಮೂರನೇ ದಿನದಿಂದ ಇನ್ನೊಂದು ಬದಿಯಲ್ಲಿ ಮಾತ್ರ ಅಗಿಯಬಹುದು. ಸಾರಿನಲ್ಲಿ ನೆನೆಸಿದ ಇಡ್ಲಿ, ಹಾಲಿನಲ್ಲಿ ಅದ್ದಿದ ಪಾವ್, ಕರಗಿದ ಹಾಗೆ ಬೆಂದ ಬೇಳೆ ಅನ್ನ, ಕಲಸಿದ ಮೊಟ್ಟೆ, ಪನೀರು. ಬರೀ ಅಂಬಲಿಯಲ್ಲಿ ಒಂದು ವಾರ ತಳ್ಳಬೇಡಿ. ಗಾಯ ಮಾಯಲು ಪ್ರೋಟೀನ್ ಬೇಕು.

ಶುಗರ್ ಇರುವವರಿಗೆ ಇಲ್ಲಿ ಎಚ್ಚರಿಕೆ. ಊಟ ಅರ್ಧವಾಗಿ ಮಾತ್ರೆಯೋ ಇನ್ಸುಲಿನ್ನೋ ಪೂರ್ತಿಯಾದರೆ ಶುಗರ್ ಇಳಿದು ಬೆವರು, ನಡುಕ ಬರುತ್ತದೆ. ಆ ವಾರ ಡೋಸ್ ಹೇಗೆ ಎಂದು ನಿಮ್ಮ ಶುಗರ್ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಬೇಡದ್ದು: ಚಕ್ಕುಲಿ, ಚಿವಡಾ, ಭೇಲ್, ಪಾನಿಪುರಿ, ಕಡಲೆಕಾಯಿ, ಪಾಪ್‌ಕಾರ್ನ್, ಎಳ್ಳು ಗಸಗಸೆ ಇರುವ ಏನೇ ಆಗಲಿ, ಸೀಬೆಕಾಯಿ, ಖಾರ, ಹುಳಿ, ಕುದಿಯುವ ಕಾಫಿ. ಸಾಬುದಾನಿ ಖಿಚಡಿ ಮೆತ್ತಗಿದೆ ಎಂದು ಮೋಸ ಹೋಗಬೇಡಿ. ಅದರಲ್ಲಿ ಶೇಂಗಾ ತರಿ ಇರುತ್ತದೆ, ಅಂಟೂ ಜಾಸ್ತಿ.

ಮತ್ತೆ ಒಗ್ಗರಣೆ. ಇದನ್ನು ಯಾವ ಡಾಕ್ಟರ ಚೀಟಿಯಲ್ಲೂ ನಾನು ಕಂಡಿಲ್ಲ. ನನ್ನ ಎಡವಟ್ಟು ಆಗಿದ್ದು ಇದರಿಂದಲೇ. ಮೊದಲ ಸಲ, ನಾಲ್ಕನೇ ದಿನ ಮಧ್ಯಾಹ್ನ. ನೋವಿಲ್ಲ, ಊತ ಇಳಿದಿದೆ. ಮೊಸರನ್ನ ಮೆದು ತಾನೇ ಎಂದು ಒಗ್ಗರಣೆ ಹಾಕಿದ್ದನ್ನೇ ಎರಡು ಬಟ್ಟಲು ಹೊಡೆದೆ. ಒಂದು ಗಂಟೆ ಕಳೆದು ಏನೋ ಕಿರಿಕಿರಿ. ಬಾತ್‌ರೂಮಿನ ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಾಕಿ, ಬೆರಳಿನಲ್ಲಿ ಕೆನ್ನೆ ಎಳೆದು ನೋಡಿದೆ. ಗುಲಾಬಿ ಬಣ್ಣದ ಪ್ಯಾಕಿನ ಅಂಚಿನಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ, ಕಪ್ಪಗೆ ಒಂದು ಸಾಸಿವೆ ಕಾಳು. ಟೂತ್‌ಪಿಕ್ ತಂದೆ. ಕಾಳು ಹೊರಗೆ ಬರಲಿಲ್ಲ, ಇನ್ನೂ ಒಳಗೆ ಹೋಯಿತು. ಇನ್ನೊಮ್ಮೆ ಮೀಟಿದೆ. ಈ ಸಲ ಪ್ಯಾಕಿನ ತುಂಡೇ ಎದ್ದು ಬಂತು, ಅದರ ಹಿಂದೆ ಹೊಲಿಗೆಯ ದಾರ ಸಡಿಲವಾಗಿ ನೇತಾಡಿತು, ಬೇಸಿನ್ ಕೆಂಪಾಯಿತು. ಮರುದಿನ ಮತ್ತೆ ಕುರ್ಚಿ, ಮತ್ತೆ ಇಂಜೆಕ್ಷನ್, ಮತ್ತೆ ಹೊಲಿಗೆ.

ಈಗ ನಮ್ಮ ಮನೆಯಲ್ಲಿ ಸರ್ಜರಿ ವಾರದ ಮೊಸರನ್ನಕ್ಕೆ ಉಪ್ಪು ಬಿಟ್ಟು ಬೇರೇನೂ ಬೀಳುವುದಿಲ್ಲ. ಸಾಸಿವೆ, ಜೀರಿಗೆ, ಕರಿಬೇವು, ಉದ್ದಿನಬೇಳೆ ಎಲ್ಲಕ್ಕೂ ರಜೆ. ಏನಾದರೂ ಸಿಕ್ಕಿಕೊಂಡರೆ ಉಪ್ಪುನೀರು ಮೆಲ್ಲಗೆ ಆಡಿಸಿ. ಬರದಿದ್ದರೆ ಕ್ಲಿನಿಕ್ಕಿಗೆ ಹೋಗಿ. ಮೀಟಬೇಡಿ.

## ಹಂತ 6: ಬಾಯಿ ಸ್ವಚ್ಛ, ಆದರೆ ಕ್ರಮ ತಪ್ಪದೆ

ಸರ್ಜರಿ ಆದ ಭಾಗಕ್ಕೆ ಡಾಕ್ಟರ್ ಹೇಳುವವರೆಗೆ ಬ್ರಷ್ ತಾಗಿಸಬೇಡಿ. ಉಳಿದ ಹಲ್ಲುಗಳನ್ನು ಮರುದಿನದಿಂದಲೇ ಉಜ್ಜಿ. ನೋವೆಂದು ಇಡೀ ಬಾಯಿಗೆ ರಜೆ ಕೊಟ್ಟರೆ ಬೇರೆ ಹಲ್ಲಿನ ಕೊಳೆ ಇಲ್ಲಿಗೇ ಬರುತ್ತದೆ.

ಬ್ರಷ್ ಮಾಡುವಂತಿಲ್ಲದ ಜಾಗವನ್ನು ಕಾಯುವುದು ಕ್ಲೋರ್‌ಹೆಕ್ಸಿಡಿನ್. ಸಾಮಾನ್ಯವಾಗಿ 0.2% ದ್ರಾವಣ, ದಿನಕ್ಕೆ ಎರಡು ಸಲ, ಸಲಕ್ಕೆ 10 ಮಿ.ಲೀ. ಬರೆಯುತ್ತಾರೆ. ಎಲ್ಲರೂ ಮಾಡುವ ತಪ್ಪು, ಪೇಸ್ಟಿನಲ್ಲಿ ಉಜ್ಜಿದ ತಕ್ಷಣ ಇದನ್ನು ಬಾಯಿಗೆ ಹಾಕುವುದು. ಪೇಸ್ಟಿನ ನೊರೆ ಬರಿಸುವ ಅಂಶ ಇದರ ಶಕ್ತಿ ಕುಗ್ಗಿಸುತ್ತದೆ. ನಡುವೆ ಅರ್ಧ ಗಂಟೆ ಇರಲಿ. ಇದನ್ನು ಹಾಕಿದ ತಕ್ಷಣ ನೀರಿನಲ್ಲಿ ಬಾಯಿ ತೊಳೆಯುವುದೂ ಬೇಡ.

ಇನ್ನೊಂದು ತಪ್ಪು ಕಾಫಿಯದ್ದು. ಮೌತ್‌ವಾಶ್ ಮೇಲೆ ಕಾಫಿ, ಚಹಾ ಬಿದ್ದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ಕಾಫಿ ಆರಿಸಿ ಮೊದಲು ಕುಡಿದು, ಆಮೇಲೆ ಉಳಿದದ್ದು ಮಾಡಿ. ಆದರೂ ಸ್ವಲ್ಪ ಕಲೆ ಬಿದ್ದರೆ ಚಿಂತೆ ಬೇಡ, ಕ್ಲೀನಿಂಗ್ ಮಾಡಿದಾಗ ಹೋಗುತ್ತದೆ. ನಾಲಿಗೆ ರುಚಿ ಕೆಡುವುದೂ ಇದರದ್ದೇ ಕೆಲಸ. ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಬರೆದಿದ್ದರೆ ಬಾಯಲ್ಲಿ ಲೋಹದ ರುಚಿ ಬೇರೆ. ಎರಡೂ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ಆ ಮಾತ್ರೆ ನಡೆಯುವಾಗ ಮದ್ಯ ಮುಟ್ಟಬೇಡಿ.

ತಂಬಾಕು, ಮಿಶ್ರಿ (ಹಲ್ಲಿಗೆ ಉಜ್ಜುವ ಹುರಿದ ತಂಬಾಕಿನ ಪುಡಿ), ಗುಟ್ಕಾ, ಎಲೆಯಡಿಕೆ ಯಾವುದೂ ಇಲ್ಲ. ತಂಬಾಕು ವಸಡಿಗೆ ರಕ್ತ ಹರಿಯುವುದನ್ನೇ ಕಡಿಮೆ ಮಾಡುತ್ತದೆ, ಗಾಯ ಬೇಗ ಮಾಯುವುದಿಲ್ಲ. "ಒಂದೇ ಒಂದು" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

## ಹಂತ 7: ಕೆಲಸ, ಲೋಕಲ್, ಮಾತು

ಕೂತು ಮಾಡುವ ಕೆಲಸವಾದರೆ ಎರಡು ಮೂರು ದಿನ ರಜೆ ಸಾಕಾಗುತ್ತದೆ. ಭಾರ ಎತ್ತುವವರು, ಹೋಟೆಲಿನಲ್ಲಿ ಒಲೆ ಮುಂದೆ ನಿಲ್ಲುವವರು ಇನ್ನೂ ಎರಡು ದಿನ ಕೇಳಿ ತೆಗೆದುಕೊಳ್ಳಿ. ಬಗ್ಗಿ ಎತ್ತಿದರೆ, ಬಿಸಿಗೆ ಮುಖ ಒಡ್ಡಿದರೆ ಗಾಯದಲ್ಲಿ ರಕ್ತ ಮಿಡಿಯುತ್ತದೆ. ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸವೂ ಸುಲಭವಲ್ಲ. ಪ್ಯಾಕ್ ಇರುವಾಗ ಮಾತು ತೊದಲುತ್ತದೆ. ಮೊದಲೇ ಹೇಳಿಟ್ಟರೆ ಮುಜುಗರ ಅರ್ಧ ಕಡಿಮೆ. ಲೋಕಲಿನಲ್ಲಿ ಬಾಗಿಲ ಹತ್ತಿರ ನಿಲ್ಲಬೇಡಿ, ಒಂದು ಗಾಡಿ ಬಿಟ್ಟು ಇನ್ನೊಂದಕ್ಕೆ ಹತ್ತಿ.

## ಹಂತ 8: ದಿನಕ್ಕೆ ಐದು ಅಂಕ ಬರೆದಿಡಿ

ನೋಟ್‌ಬುಕ್ಕು ಯಾಕೆ ಎಂದಿರಲ್ಲ? ಬಾಯಿಯ ತೊಂದರೆ ಬದುಕನ್ನು ಎಷ್ಟು ಕೆಡಿಸಿದೆ ಎಂದು ಅಳೆಯಲು ಗ್ಯಾರಿ ಸ್ಲೇಡ್ ಎಂಬ ಸಂಶೋಧಕರು 1997ರಲ್ಲಿ 14 ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು. ಒಎಚ್‌ಐಪಿ-14 ಎಂದು ಅದರ ಹೆಸರು. ಪದ ಉಚ್ಚರಿಸಲು ಕಷ್ಟವಾಯಿತಾ, ರುಚಿ ಕೆಟ್ಟಿತಾ, ಊಟ ಅರ್ಧಕ್ಕೆ ನಿಂತಿತಾ, ನಾಚಿಕೆಯಾಯಿತಾ, ಸಿಡುಕು ಬಂತಾ, ಇಂಥವು. ಒಂದೊಂದಕ್ಕೂ 0ಯಿಂದ 4 ಅಂಕ, ಒಟ್ಟು 56. ಅಂಕ ಜಾಸ್ತಿ ಬಂದಷ್ಟೂ ಬದುಕು ಜಾಸ್ತಿ ಕೆಟ್ಟಿದೆ ಎಂದು ಅರ್ಥ.

ಮನೆಗೆ ಅಷ್ಟು ಬೇಡ. ನಾನು ಐದು ಸಾಲು ಮಾಡಿಕೊಂಡೆ: ನೋವು, ಊಟ, ನಿದ್ದೆ, ಮಾತು, ಮನಸ್ಸು. ರಾತ್ರಿ ಮಲಗುವ ಮುಂಚೆ ಒಂದೊಂದಕ್ಕೂ 0ಯಿಂದ 4. ಮೂರನೇ ಸಲದ ಸರ್ಜರಿಯಲ್ಲಿ ಎರಡನೇ ರಾತ್ರಿ 20ಕ್ಕೆ 13 ಇತ್ತು, ಏಳನೇ ರಾತ್ರಿ 4.

ನೋಡಬೇಕಾದದ್ದು ಅಂಕ ಎಷ್ಟು ಎಂದಲ್ಲ, ಯಾವ ಕಡೆ ಹೋಗುತ್ತಿದೆ ಎಂದು. ಮೂರನೇ ದಿನದ ನಂತರ ಇಳಿಯುತ್ತಾ ಬರಬೇಕು. ಇಳಿದದ್ದು ಮತ್ತೆ ಏರಿದರೆ ಫೋನ್ ಮಾಡಿ. ಡಾಕ್ಟರಿಗೆ "ಏನೋ ಸರಿ ಇಲ್ಲ" ಅನ್ನುವುದಕ್ಕಿಂತ "ನಾಲ್ಕನೇ ದಿನ ನೋವು 1 ಇತ್ತು, ಇವತ್ತು 3" ಅಂದರೆ ಬೇಗ ಅರ್ಥವಾಗುತ್ತದೆ.

## ಕಾಯದೆ ಫೋನ್ ಮಾಡಬೇಕಾದ ಲಕ್ಷಣಗಳು

- 20 ನಿಮಿಷದಂತೆ ಎರಡು ಸಲ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ
- ನಾಲ್ಕನೇ ದಿನದ ನಂತರವೂ ಊತ ಏರುತ್ತಿದ್ದರೆ, ಅಥವಾ ಇಳಿದ ನೋವು ಮತ್ತೆ ಏರಿದರೆ
- ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಕೀವು ಅಥವಾ ಕೊಳೆತ ರುಚಿ ಬಂದರೆ
- ಮರುದಿನವೂ ತುಟಿಯ ಜೋಮು ಬಿಡದಿದ್ದರೆ
- ಮಾತ್ರೆ ತೆಗೆದುಕೊಂಡ ಮೇಲೆ ಮೈಯೆಲ್ಲ ದದ್ದು ಎದ್ದರೆ

ಉಸಿರಾಡಲು, ನುಂಗಲು ಕಷ್ಟವಾದರೆ, ಊತ ಕತ್ತಿಗೆ ಇಳಿದರೆ ಅಥವಾ ಬಾಯಿ ತೆರೆಯಲೇ ಆಗದಿದ್ದರೆ ಕ್ಲಿನಿಕ್ಕಿಗಲ್ಲ, ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಪ್ಯಾಕಿನ ಚೂರು ಉದುರಿದರೆ ಮಾತ್ರ ಗಾಬರಿ ಬೇಡ. ನೋವು, ರಕ್ತ ಇಲ್ಲದಿದ್ದರೆ ಫೋನ್ ಮಾಡಿ ಕೇಳಿದರೆ ಸಾಕು.

## ಹಂತ 9: ಹೊಲಿಗೆ ತೆಗೆಸಿದ ಮೇಲೆ

ಸಾಮಾನ್ಯವಾಗಿ 7ರಿಂದ 14 ದಿನದೊಳಗೆ ತೆಗೆಯುತ್ತಾರೆ. ಚಿಮಟಿದ ಹಾಗಾಗುತ್ತದೆ, ಅಷ್ಟೇ. ಬೇಸರ ಶುರುವಾಗುವುದು ಮನೆಗೆ ಬಂದು ಕನ್ನಡಿ ನೋಡಿದಾಗ. ಹಲ್ಲು ಉದ್ದವಾಗಿ ಕಾಣುತ್ತವೆ, ಸಂದಿಯಲ್ಲಿ ಕಪ್ಪು ತ್ರಿಕೋನಗಳು. ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ. ಸರ್ಜರಿ ಕೆಟ್ಟಿತು ಎಂದುಕೊಳ್ಳಬೇಡಿ. ಊದಿಕೊಂಡು ಹಲ್ಲನ್ನು ಮುಚ್ಚಿದ್ದ ವಸಡು ಇಳಿದು ಬಿಗಿಯಾಗಿದೆ, ಬೇರಿನ ಸ್ವಲ್ಪ ಭಾಗ ಹೊರಗೆ ಬಂದಿದೆ. ಇದನ್ನು ಡಾಕ್ಟರು ಸರ್ಜರಿಗೆ ಮುಂಚೆಯೇ ಹೇಳಿದರೆ ಒಳ್ಳೆಯದು. ನನಗೆ ಮೊದಲ ಸಲ ಯಾರೂ ಹೇಳಿರಲಿಲ್ಲ. ಒಂದು ತಿಂಗಳು ಫೋಟೋಗಳಲ್ಲಿ ಬಾಯಿ ಮುಚ್ಚಿಕೊಂಡೇ ನಕ್ಕಿದ್ದೇನೆ.

ಜುಮ್ ಅನ್ನುವುದಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬರೆಸಿಕೊಳ್ಳಿ. ಎರಡು ದಿನಕ್ಕೆ ಫಲ ಸಿಗುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು. ಉಜ್ಜಿದ ಮೇಲೆ ಬಾಯಿ ತುಂಬ ನೀರು ಹಾಕಿ ತೊಳೆಯಬೇಡಿ, ನೊರೆ ಉಗುಳಿ ಬಿಟ್ಟರೆ ಸಾಕು. ಸಂದಿಗಳಿಗೆ ಸಣ್ಣ ಬಾಟಲಿ ಬ್ರಷ್‌ನಂಥ ಹಲ್ಲುಸಂದಿ ಬ್ರಷ್ ಸಿಗುತ್ತದೆ. ಯಾವ ಅಳತೆ ಎಂದು ಡಾಕ್ಟರೇ ಬಾಯೊಳಗೆ ಹಾಕಿ ನೋಡಿ ಹೇಳಲಿ. ಒಂದೊಂದು ಸಂದಿಗೆ ಒಂದೊಂದು ಅಳತೆ ಬೇಕಾಗಬಹುದು. ಯಾವಾಗ ಶುರು ಮಾಡಬೇಕು ಎನ್ನುವುದನ್ನೂ ಅವರನ್ನೇ ಕೇಳಿ. ಟೂತ್‌ಪಿಕ್ ಮನೆಯಿಂದ ಆಚೆ ಹಾಕಿ.

ಕೊನೆಯದು, ಮೂರು ತಿಂಗಳಿಗೊಮ್ಮೆ ತಪಾಸಣೆ. ಹೊಲಿಗೆ ತೆಗೆಸಿದ ದಿನವೇ ಮುಂದಿನ ತಾರೀಕು ಬರೆಸಿಕೊಂಡು ಬನ್ನಿ. ನೋವಿಲ್ಲದ ಮೇಲೆ ಯಾರೂ ನೆನಪಿಟ್ಟು ಹೋಗುವುದಿಲ್ಲ. ವಸಡಿನ ರೋಗ ಮರಳಿ ಬರುವಾಗಲೂ ಸಾಮಾನ್ಯವಾಗಿ ನೋಯಿಸುವುದಿಲ್ಲ. ಬೀಡಿ ಸಿಗರೇಟು ಸೇದುವವರಿಗಂತೂ ರಕ್ತವೂ ಅಷ್ಟಾಗಿ ಬರುವುದಿಲ್ಲ, ಗೊತ್ತೇ ಆಗುವುದಿಲ್ಲ. ಹೋಗುವಾಗ ಆ ನೋಟ್‌ಬುಕ್ಕು, ಹಲ್ಲುಸಂದಿ ಬ್ರಷ್ ಎರಡೂ ಚೀಲದಲ್ಲಿರಲಿ. ಶುಗರ್ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ.